ಊರಿಗೆ ಹೋಗಿ ಕಾಗದ

ಚರಿತ್ರೆ ಬರೆಯುವವರು ಯಾರೂ ಗಮನಿಸದೆ ಬಿಟ್ಟಿರುವುದರಿಂದ ಇದನ್ನು ಇಲ್ಲಿ ದಾಖಲಿಸುವುದು ಅನಿವಾರ್ಯವಾಗಿದೆ: ೧೯೯೬ರ ಮಾರ್ಚ್ ಹನ್ನೆರಡನೇ ತಾರೀಖು, ಮಂಗಳವಾರ ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ, ಜೋಧಪುರದ ರೈಲ್ವೆ ಸ್ಟೇಷನ್ನಿನ ಹೊರಗೆ, ಮೂವತ್ತೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ಹಿಂದಿ ಪಾಠ ಹೇಳಿ ನಿವೃತ್ತರಾದ ಶ್ರೀರಂಗಪಟ್ಟಣದ ದೊರೆಸ್ವಾಮಿ ಮೇಷ್ಟ್ರು ಮೊಟ್ಟಮೊದಲ ಬಾರಿಗೆ ಹಿಂದಿಯವನೊಬ್ಬನ ಜೊತೆ ಹಿಂದಿಯಲ್ಲಿ ಮಾತಾಡಿದರು.

ರೈಲಿನಲ್ಲಿ ಮೂರು ದಿನ ಅವಕಾಶವಿತ್ತು. ಮೇಷ್ಟ್ರು ಕಿಟಕಿಗೆ ಮುಖ ಕೊಟ್ಟು ಕೂತು ಅದನ್ನು ತಪ್ಪಿಸಿಕೊಂಡಿದ್ದರು. ಈಗ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಗಂಟಲು ಸರಿಮಾಡಿಕೊಂಡು ಆಟೋದವನಿಗೆ, "ಕೃಪಯಾ ಹಮೇಂ ಹಮಾರೇ ಗಂತವ್ಯ ಸ್ಥಾನ್ ತಕ್ ಪಹುಂಚಾ ದೀಜಿಯೇ" ಎಂದು, ಹೋಗಬೇಕಾದ ಕಡೆ ಬಿಡುವಂತೆ ಪಠ್ಯಪುಸ್ತಕದ ಹಿಂದಿಯಲ್ಲಿ ಕೇಳಿಕೊಂಡರು. ಆಟೋದವನು ಕೈಮುಗಿದು, ತನಗೆ ಇಂಗ್ಲಿಷ್ ಬರುವುದಿಲ್ಲ ಎಂದ.

ಪಕ್ಕದಲ್ಲೇ ನಿಂತಿದ್ದ ಅರ್ಪಿತ ನಗು ತಡೆದುಕೊಂಡು ಬಾಯಿ ತೆರೆಯುವಷ್ಟರಲ್ಲಿ ಅವಳ ಅಪ್ಪ ಸಿದ್ದರಾಜು ಅಡ್ಡ ಬಂದ. "ನೀನ್ ಸುಮ್ಕಿರವ್ವ. ಮಾತಾಡಕ್ಕೆ ಅಂತ್ಲೇ ಮೇಷ್ಟ್ರುನ್ನ ಕರ್ಕಬಂದಿರೋದು."

ಕರೆದುಕೊಂಡು ಬಂದ ಕಾರಣ ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಸಿದ್ದರಾಜು ಅವರ ಹಳೆಯ ವಿದ್ಯಾರ್ಥಿ, ಅರಕೆರೆಯವನು, ನಾಲೆ ಬಯಲಿನಲ್ಲಿ ಆರು ಎಕರೆ ಕಬ್ಬಿನ ಗದ್ದೆಯ ಯಜಮಾನ. ಅವನ ಮಗಳು ಮರಳುಗಾಡಿನಲ್ಲಿ ಯಾವ ಗಿಡ ಬದುಕುತ್ತದೆ ಎಂದು ನೋಡುವ ಸರ್ಕಾರಿ ಕೆಲಸಕ್ಕೆ ಈ ಊರಿಗೆ ಬಂದು ಎರಡು ವರ್ಷವಾಗಿತ್ತು. ಗಿಡದ ವಿಷಯ ಏನಾಯಿತೋ, ಅದೇ ಆಫೀಸಿನ ಭಾಗೀರಥ ಎಂಬ ಹುಡುಗನನ್ನು ಮದುವೆಯಾಗುತ್ತೇನೆಂದು ಊರಿಗೆ ಬರೆದಿದ್ದಳು. "ಊರಲ್ಲಿ ತೊಟ್ಟು ನೀರಿಲ್ಲ, ಮಗನ್ಗೆ ಮಾತ್ರ ಭಗೀರಥ ಅಂತ ಎಸ್ರು ಮಡಗವ್ರೆ" ಎಂದು ಸಿದ್ದರಾಜು ಮೇಷ್ಟ್ರ ಮನೆಯ ಜಗಲಿಯಲ್ಲಿ ಕೂತು ಸಿಡಿಮಿಡಿಗೊಂಡಿದ್ದ.

ಅವಳು ಒಂದು ಮಾತು ಕೊಟ್ಟಿದ್ದಳು. ಅಪ್ಪ ಬೇಡ ಅಂದರೆ ಬೇಡ. ಈ ವಿಷಯ ಮತ್ತೆ ಎತ್ತುವುದಿಲ್ಲ. ಆದರೆ ಅಪ್ಪ ಇಲ್ಲಿಗೆ ಬಂದು ಅವರ ಮನೆ ನೋಡಬೇಕು, ಅವರ ಮುಂದೆ ಕೂತು ತನ್ನ ಬಾಯಲ್ಲೇ ಬೇಡ ಅನ್ನಬೇಕು. ಸಿದ್ದರಾಜುವಿಗೆ ಈ ಕರಾರು ಸಲೀಸೆನಿಸಿತು. ನಾಲೆ ಸೀಮೆಯವರು ನೀರಿಲ್ಲದ ಕಡೆಗೆ ಹೆಣ್ಣು ಕೊಡುವುದಿಲ್ಲ. ನಾಗಮಂಗಲದ ಕಡೆಯಿಂದ ಬಂದ ಸಂಬಂಧಗಳನ್ನೇ ಆತ ಮೂರು ಸಲ ಸಾಗಹಾಕಿದ್ದ, ತನ್ನ ಹೆಂಡತಿಯನ್ನು ತಂದದ್ದು ಆ ಕಡೆಯಿಂದಲೇ ಆದರೂ. ಮಂಗಳವಾರ ತಲುಪುವ ಹಾಗೆ ಹೊರಡುವ ದಿನವನ್ನೂ ಲೆಕ್ಕ ಹಾಕಿಯೇ ಗೊತ್ತು ಮಾಡಿದ್ದ. ಹೆಣ್ಣುಗಂಡಿನ ಮಾತನ್ನು ಮಂಗಳವಾರ ಆಡುವವರು ಯಾರೂ ಇಲ್ಲ.

ಆಟೋ ಕೋಟೆಯ ಬುಡದ ಓಣಿಗಳಿಗೆ ನುಗ್ಗಿತು. ಗುಡ್ಡದ ಮೇಲೆ ಕೋಟೆ, ಕೆಳಗೆ ಎಲ್ಲ ಮನೆಗೂ ನೀಲಿ ಬಳಿದಿದ್ದರು, ನಮ್ಮಲ್ಲಿ ಬಟ್ಟೆಗೆ ಹಾಕುವ ನೀಲಿಯಂಥದು. ಹೋಳಿ ಮುಗಿದು ವಾರವಾಗಿದ್ದರೂ ಗೋಡೆಯ ಬುಡದಲ್ಲಿ ಗುಲಾಬಿ ಕಲೆ ಉಳಿದಿತ್ತು. ತೊಳೆಯಲು ಯಾರೂ ನೀರು ದಂಡ ಮಾಡಿರಲಿಲ್ಲ. ಬೇವು ಎಲೆ ಉದುರಿಸಿ ಕೆಂಪಗೆ ಚಿಗುರುತ್ತಿತ್ತು. ನೆರಳಲ್ಲಿ ಚಳಿ, ಬಿಸಿಲಲ್ಲಿ ಸೆಕೆ. ಒಂದು ಬಾಗಿಲಲ್ಲಿ ಹೆಂಗಸೊಬ್ಬಳು ಹಿತ್ತಾಳೆ ಪಾತ್ರೆಗಳನ್ನು ಬರೀ ಮರಳಿನಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಹಾಗೇ ಬೋರಲು ಹಾಕುತ್ತಿದ್ದಳು.

"ನೋಡುದ್ರಾ ಮೇಷ್ಟ್ರೇ" ಎಂದ ಸಿದ್ದರಾಜು, ಗೆದ್ದವನ ಹಾಗೆ. "ಬೋಸಿ ತೊಳ್ಯಕ್ಕೂ ಗತಿ ಇಲ್ಲ."

ಅವನ ಹೆಂಡತಿ ಜಯಲಕ್ಷ್ಮಮ್ಮ ಸೆರಗು ಬಿಗಿಮಾಡಿಕೊಂಡು ಆ ಪಾತ್ರೆಗಳನ್ನೇ ನೋಡುತ್ತಿದ್ದಳು. ರೈಲು ಹತ್ತಿದ ಮೇಲೆ ಆಕೆ ಆಡಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ಹುಡುಗನ ಅಪ್ಪ ಹರಿರಾಮ್ ಚೌಧರಿ ಬಾಗಿಲಲ್ಲೇ ಕಾದಿದ್ದ. ಬಿಳಿ ಮೀಸೆ, ಕೇಸರಿ ಪೇಟ, ಮೂಗಿನ ತುದಿಗೆ ಇಳಿದ ಕನ್ನಡಕ. ಅವನ ಹೆಂಡತಿ ದೊಡ್ಡದೊಂದು ಹಿತ್ತಾಳೆ ಚೊಂಬಿನ ತುಂಬ ನೀರು ತಂದು ಸಿದ್ದರಾಜುವಿನ ಮುಂದೆ ಹಿಡಿದಳು. ಅರಕೆರೆಯಲ್ಲಿ ಬಾಗಿಲಿಗೆ ಬಂದ ನೆಂಟರಿಗೆ ಚೊಂಬಿನಲ್ಲಿ ನೀರು ಕೊಡುವುದು ಯಾಕೆಂದು ಎಲ್ಲರಿಗೂ ಗೊತ್ತು. ಸಿದ್ದರಾಜು ಚೊಂಬು ಇಸಿದುಕೊಂಡು, ಪಂಚೆ ಎತ್ತಿ, ಎರಡೂ ಕಾಲಿಗೆ ಧಾರಾಳವಾಗಿ ಸುರಿದುಕೊಂಡು, ಕಾಲಿಗೆ ಕಾಲು ಉಜ್ಜಿ, ಉಳಿದಿದ್ದನ್ನು ಬೀದಿಗೆ ಎರಚಿದ.

ಎದುರು ಮನೆಯ ಮುದುಕ ಹುಕ್ಕಾ ಬಾಯಿಂದ ತೆಗೆದ. ಹರಿರಾಮನ ಹೆಂಡತಿ ಖಾಲಿ ಚೊಂಬು ತೆಗೆದುಕೊಂಡು, ಮುಖದ ಮೇಲಿನ ಸೆರಗು ಇನ್ನೊಂದು ಗೇಣು ಇಳಿಸಿಕೊಂಡು, ಒಳಗೆ ಹೋದಳು. ಜಯಲಕ್ಷ್ಮಮ್ಮ ಗಂಡನ ಮುಖ ನೋಡದೆ ಅವಳ ಹಿಂದೆಯೇ ನಡೆದಳು.

ಒಳಗೆ ಹಗ್ಗದ ಮಂಚಗಳಿದ್ದವು. ಭಾಗೀರಥ ಬಂದು ಎಲ್ಲರ ಕಾಲು ಮುಟ್ಟಿ, ಬಾಗಿಲ ಪಕ್ಕದಲ್ಲಿ ನೆಟ್ಟ ಕಂಬದಂತೆ ನಿಂತ. ನೋಡಲು ಲಕ್ಷಣವಾಗಿದ್ದ. ಅದರಿಂದ ಸಿದ್ದರಾಜುವಿಗೆ ಇನ್ನಷ್ಟು ಕಿರಿಕಿರಿಯಾಯಿತು. ಮೇಷ್ಟ್ರು ನಡುವೆ ಕೂತರು. ಒಂದು ಗಂಟೆ ಬೆಳೆ, ದನ, ಮಳೆ ಎಂದು ಮಾತು ಆ ಕಡೆಯಿಂದ ಈ ಕಡೆಗೆ ಅವರನ್ನು ಹಾದುಕೊಂಡೇ ಹೋಗಿಬಂತು. ತಮ್ಮ ಹಿಂದಿ ಜೀವಂತ ಮನುಷ್ಯರಿಗೂ ಅರ್ಥವಾಗುತ್ತದೆಂದು ಕಂಡು ಅವರಿಗೆ ಒಳಗೊಳಗೇ ಹಿಗ್ಗು.

ಕೊನೆಗೆ ಹರಿರಾಮ್ ಕೈಮುಗಿದು ನೇರವಾಗಿ ಕೇಳಿದ. ಮಕ್ಕಳು ಇಷ್ಟಪಟ್ಟಿದ್ದಾರೆ, ನಮ್ಮದು ಒಪ್ಪಿಗೆ, ನಿಮ್ಮ ಅಪ್ಪಣೆ ಏನು?

ಅರ್ಪಿತ ಕಿಟಕಿಯ ಹತ್ತಿರ ನಿಂತಿದ್ದಳು. ಅವಳ ಕೈ ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದಿದ್ದು ಮೇಷ್ಟ್ರಿಗೆ ಕಾಣಿಸಿತು.

ಸಿದ್ದರಾಜು ಪಂಚೆ ಸರಿಮಾಡಿಕೊಂಡು, ಮೂರು ದಿನದಿಂದ ಬಾಯಲ್ಲಿಟ್ಟುಕೊಂಡಿದ್ದ ವಾಕ್ಯವನ್ನು ಗಂಭೀರವಾಗಿ ಹೊರಗೆ ಬಿಟ್ಟ. "ಊರ್ಗೋಗಿ ಕಾಗ್ದ ಬರೀತೀವಿ ಅಂತ ಏಳಿ ಮೇಷ್ಟ್ರೇ."

ಮೇಷ್ಟ್ರು ಬಾಯಿ ತೆರೆದವರು ಹಾಗೇ ಉಳಿದರು. ಮೈಸೂರು ಸೀಮೆಯಲ್ಲಿ ಹುಟ್ಟಿದ ಯಾರಿಗಾದರೂ ಈ ಮಾತಿನ ಅರ್ಥ ಒಂದೇ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತು ಮುಗಿಸಿ, ಕೈ ತೊಳೆದು, ಈ ಮಾತು ಹೇಳಿ ಎದ್ದರೆ, ಮನೆಯವರು ಬೇರೆ ಗಂಡು ಹುಡುಕಲು ಶುರು ಮಾಡುತ್ತಾರೆ. ಆ ಕಾಗದವನ್ನು ಈವರೆಗೆ ಯಾರೂ ಬರೆದಿಲ್ಲ, ಅದಕ್ಕೆ ಯಾರೂ ಕಾದಿಲ್ಲ. ಆದರೆ ಹಿಂದಿಯಲ್ಲಿ? ಅರ್ಥವನ್ನು ದಾಟಿಸಬೇಕೋ, ಮಾತನ್ನೋ?

"ಮೇಷ್ಟ್ರೇ" ಎಂದಳು ಅರ್ಪಿತ ಮೆಲ್ಲಗೆ. "ಅಪ್ಪ ಏನಂದ್ರೋ ಅದುನ್ನೇ ಹೇಳಿ. ಒಂದಕ್ಷರ ಹೆಚ್ಚೂ ಬೇಡ, ಕಮ್ಮೀನೂ ಬೇಡ."

"ಊ ಕಣ್ ಮೇಷ್ಟ್ರೇ" ಎಂದ ಸಿದ್ದರಾಜು, ಮಗಳು ಕೊನೆಗೂ ದಾರಿಗೆ ಬಂದಳೆಂದು. "ನಾನಂದಂಗೇ ಏಳ್ಬುಡಿ."

ಇಬ್ಬರೂ ಕೇಳಿದ್ದು ಒಂದನ್ನೇ. ಮೇಷ್ಟ್ರು ವ್ಯಾಕರಣ ತಪ್ಪದಂತೆ ಹೇಳಿದರು: "ಹಮ್ ಗಾಂವ್ ಜಾಕರ್ ಪತ್ರ್ ಲಿಖೇಂಗೇ."

ಹರಿರಾಮನ ಮುಖ ಅರಳಿತು. "ಪತ್ರ್?" ಎಂದು ಎದ್ದೇಬಿಟ್ಟ. ಅವನು ಮೂವತ್ತನಾಲ್ಕು ವರ್ಷ ರೈಲಿನ ಅಂಚೆ ಬೋಗಿಯಲ್ಲಿ ರಾತ್ರಿ ಹಗಲು ನಿಂತು ಕಾಗದ ವಿಂಗಡಿಸಿದವನೆಂದು ಆಗ ತಿಳಿಯಿತು. ಯಾರಾದರೂ ಕಾಗದ ಬರೆಯುತ್ತೇನೆ ಎಂದರೆ ಅದು ಅವನಿಗೆ ಕೋರ್ಟಿನ ಪ್ರಮಾಣಕ್ಕಿಂತ ದೊಡ್ಡದು. "ಮಂಡ್ಯ ಜಿಲ್ಲೆ. ಐದು ಏಳು ಒಂದು" ಎಂದು ಪಿನ್ ಕೋಡಿನ ಮೊದಲ ಮೂರು ಅಂಕಿಗಳನ್ನು ಬಾಯಿಪಾಠ ಒಪ್ಪಿಸಿದ. ಟ್ರಂಕು ತೆಗೆದು ಒಂದು ಇನ್‌ಲ್ಯಾಂಡ್ ಲೆಟರ್ ತಂದು, ಅದರ ಮೇಲೆ ತನ್ನ ವಿಳಾಸವನ್ನು ತಾನೇ ದುಂಡಗೆ ಬರೆದು ಸಿದ್ದರಾಜುವಿನ ಕೈಗಿಟ್ಟ. ಯಾವ ತಾರೀಖು ಹಾಕುತ್ತೀರಿ, ನಾನು ಆರನೇ ದಿನ ಬಾಗಿಲಲ್ಲಿ ಕೂತಿರುತ್ತೇನೆ ಎಂದ. ಒಳಗೆ ತಿರುಗಿ ಹೆಂಡತಿಗೆ ಏನೋ ಕೂಗಿದ. ತಟ್ಟೆಯಲ್ಲಿ ಬೆಲ್ಲ ಬಂತು.

"ಏನವ್ವ ಇದು?" ಸಿದ್ದರಾಜುವಿನ ದನಿ ಇಳಿದಿತ್ತು.

"ಬೆಲ್ಲ ಕಣಪ್ಪ. ತಿಂದ್ರೆ ಇವ್ರ ಲೆಕ್ಕದಲ್ಲಿ ಸಂಬಂಧ ಆಯ್ತು ಅಂತ."

ಮುಂದೆ ಚಾಚಿದ್ದ ಕೈಯನ್ನು ಸಿದ್ದರಾಜು ಬಿಸಿ ತಾಗಿದವನಂತೆ ಹಿಂದಕ್ಕೆಳೆದುಕೊಂಡ. "ಮೇಷ್ಟ್ರೇ, ಏನಂದ್ರಿ ನೀವು ಇವ್ರಿಗೆ?"

"ನೀನು ಹೇಳಿದ್ದನ್ನೇ ಅಂದೆ."

"ನಾನೇಳಿದ್ದು ಬ್ಯಾಡ ಅಂತ."

"ಬೇಡ ಅಂತ ನೀನು ಅನ್ನಲಿಲ್ಲವಲ್ಲಪ್ಪ. ಕಾಗದ ಬರೀತೀವಿ ಅಂದೆ."

"ಅಂಗಂದ್ರೆ ಬ್ಯಾಡ ಅಂತ್ಲೇ ಕಣ್ ಮೇಷ್ಟ್ರೇ. ಅರಕೆರೇಲಿ ತೊಟ್ಲು ಕೂಸ್ಗೂ ಗೊತ್ತು."

"ಅರಕೆರೆ ಇಲ್ಲಿಂದ ಎರಡು ಸಾವಿರ ಕಿಲೋಮೀಟ್ರು."

ಬೆಲ್ಲದ ತಟ್ಟೆ ಸ್ಟೂಲಿನ ಮೇಲಿತ್ತು. ಯಾರೂ ಮುಟ್ಟಲಿಲ್ಲ. ಹರಿರಾಮನ ನಗು ನಿಧಾನಕ್ಕೆ ಇಳಿಯತೊಡಗಿತು. ಭಾಗೀರಥ ಬಾಗಿಲ ಬಳಿಯಿಂದ ಅರ್ಪಿತಳನ್ನು ನೋಡಿದ. ಅವಳು ಅವನನ್ನು ನೋಡಲಿಲ್ಲ.

"ಅಪ್ಪ" ಎಂದಳು ಅವಳು. ದನಿ ಅಲುಗಲಿಲ್ಲ. "ಬ್ಯಾಡ ಅನ್ನೋದಿದ್ರೆ ಬ್ಯಾಡ ಅನ್ನು. ಮೇಷ್ಟ್ರು ಅದುನ್ನೂ ಅಂಗೇ ಹೇಳ್ತಾರೆ. ನಾನು ಕೊಟ್ಟ ಮಾತ್ಗೆ ತಪ್ಪಲ್ಲ. ಇವತ್ತೇ ಮುಗುದೋಯ್ತದೆ."

ಸಿದ್ದರಾಜು ಬಾಯಿ ತೆರೆದ. ಅವನ ಮನೆತನದಲ್ಲಿ ಒಬ್ಬರ ಮನೆಯೊಳಗೆ ಕೂತು ಅವರ ಮುಖಕ್ಕೆ ಬೇಡ ಅಂದವರು ಅಪ್ಪನ ಕಾಲದಲ್ಲೂ ಇರಲಿಲ್ಲ, ತಾತನ ಕಾಲದಲ್ಲೂ ಇರಲಿಲ್ಲ. ಅದಕ್ಕಾಗಿಯೇ ಅಂಚೆ ಇಲಾಖೆಯನ್ನು ಮುಂದೆ ಬಿಡುವ ಪದ್ಧತಿ ಹುಟ್ಟಿದ್ದು. ಕೊನೆಗೆ, ನೆಲ ನೋಡುತ್ತ, "ಏಳಿ ಮೇಷ್ಟ್ರೇ. ನಮ್ ಕಡೆಯೋರು ನೀರಿಲ್ದೂರ್ಗೆ ಎಣ್ ಕೊಡಕಿಲ್ಲ ಅಂತ ಏಳಿ" ಎಂದ.

"ವಸಿ ತಡೀರಿ ಮೇಷ್ಟ್ರೇ."

ಜಯಲಕ್ಷ್ಮಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಗಂಡನಿಗೆ ಆಡಬೇಕಾದ ಮಾತನ್ನು ಗೋಡೆಗೆ ಆಡುವವಳಂತೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಆಡಿದಳು. "ಬಾಗ್ಲಲ್ಲಿ ಕಾಲ್ಗೆ ಉಯ್ಕಂಡ್ರಲ್ಲ, ಅದು ನಿಮ್ಗೆ ಕುಡ್ಯಕ್ಕೆ ಅಂತ ತಂದಿದ್ದು. ಈ ಬೀದೀಲಿ ನಲ್ಲಿ ಬರೋದು ದಿನ ಬುಟ್ಟು ದಿನ ಅಂತ ಮಗ್ಳು ಏಳಿದ್ಲು. ಇವತ್ತು ಬರೋ ದಿನ ಅಲ್ಲ. ಆಯಮ್ಮ ಇತ್ಲು ಬಾಗ್ಲಿಂದ ಓಗಿ, ಪಕ್ಕದ್ ಮನೇಲಿ ಒಂದ್ ಬಿಂದ್ಗೆ ಕೇಳಿ ಈಸ್ಕಂಡು ಬಂದ್ರು. ನಿಮ್ಗೆ ಟೀ ಕಾಯಿಸಿದ್ದು ಆ ನೀರ್ನಲ್ಲಿ. ಒಂದ್ ಮಾತಾಡ್ನಿಲ್ಲ ಅವ್ರು."

ಸಿದ್ದರಾಜು ಕಾಲುಗಳನ್ನು ಮಂಚದಡಿಗೆ ಎಳೆದುಕೊಂಡ.

"ಇಪ್ಪತ್ತೇಳು ವರ್ಸ ಆಯ್ತು ಕೇಳ್ತಾ ಇವ್ನಿ, ನಾಗಮಂಗಲದೋಳು, ನೀರ್ ಕಾಣ್ದೋಳು ಅಂತ. ನೀರ್ ಕಾಣ್ದೋಳು ನಿಮ್ಮನೇಲಿ ಬಾಳ್ನಿಲ್ವಾ? ಬ್ಯಾಡ ಅನ್ನಂಗಿದ್ರೆ ಬ್ಯಾರೆ ಏನಾರ ಕಾರ್ಣ ಇದ್ರೆ ಏಳಿ. ನೀರಿಂದು ಮಾತ್ರ ಏಳ್ಬ್ಯಾಡಿ."

ಬೇರೆ ಕಾರಣ ಇತ್ತು. ಅದು ಏನೆಂದು ಕೋಣೆಯಲ್ಲಿದ್ದ ಕನ್ನಡದವರೆಲ್ಲರಿಗೂ ಗೊತ್ತಿತ್ತು, ಬಹುಶಃ ಹಿಂದಿಯವರಿಗೂ. ಆದರೆ ಅದು ಯಾವ ಭಾಷೆಯಲ್ಲೂ ಬಾಯಿಬಿಟ್ಟು ಹೇಳುವಂಥದ್ದಾಗಿರಲಿಲ್ಲ.

"ಕ್ಯಾ ಬಾತ್ ಹೈ, ಮಾಸ್ಟರ್‌ಜೀ?" ಹರಿರಾಮ್ ಮೇಷ್ಟ್ರ ಮೊಣಕೈ ಮುಟ್ಟಿದ.

ಇದಕ್ಕೆ ಹೇಳಬೇಕಾದ ಮಾತನ್ನು ಯಾರೂ ಬಾಯಿಗೆ ಕೊಟ್ಟಿರಲಿಲ್ಲ. ಇದು ಮೇಷ್ಟ್ರೇ ಸ್ವಂತವಾಗಿ ಹೇಳಬೇಕಾದದ್ದು. "ನೀರಿನ ಮಾತು" ಎಂದರು.

ಹರಿರಾಮ್ ಗಂಭೀರವಾಗಿ ತಲೆಯಾಡಿಸಿದ. ನಮ್ಮಲ್ಲೂ ಎಲ್ಲ ಮಾತೂ ಕೊನೆಗೆ ಅಲ್ಲಿಗೇ ಬರುತ್ತದೆ ಎಂದ.

ಸಿದ್ದರಾಜು ಮೇಷ್ಟ್ರ ಜೇಬಿನಿಂದ ಕೇಳದೆಯೇ ಪೆನ್ನು ಎಳೆದುಕೊಂಡು, ಇನ್‌ಲ್ಯಾಂಡನ್ನು ತೊಡೆಯ ಮೇಲೆ ಹರಡಿ, ಎಡಗೈ ಮರೆಮಾಡಿ ಬರೆಯತೊಡಗಿದ. ಪೆನ್ನು ಎರಡು ಸಲ ನಿಂತಿತು. ಮೇಷ್ಟ್ರಿಗೆ ಅವನ ಬೆನ್ನು ಬಿಟ್ಟರೆ ಏನೂ ಕಾಣಲಿಲ್ಲ. ಅರ್ಪಿತ ಕಿಟಕಿಯ ಹೊರಗೆ ನೋಡುತ್ತಿದ್ದಳು. ಬರೆದು ಮುಗಿಸಿ, ಅಂಟು ನೆಕ್ಕಿ, ಮೂರೂ ಮಡಿಕೆ ಒತ್ತಿ, ಯಾರಿಗೂ ಓದಲು ಬಿಡದೆ ಸಿದ್ದರಾಜು ಅದನ್ನು ಹರಿರಾಮನಿಗೆ ಚಾಚಿದ. "ಊರ್ಗೋಗೋ ಗಂಟ ಯಾಕೆ. ತಕ್ಕಳಿ."

ಮೇಷ್ಟ್ರು ಅದನ್ನು ಹಿಂದಿ ಮಾಡಿದರು. ಹರಿರಾಮ್ ಎರಡೂ ಕೈ ಹಿಂದೆ ಕಟ್ಟಿಕೊಂಡ. ಮುದ್ರೆ ಬೀಳದ ಕಾಗದವನ್ನು ತಾನು ಮುಟ್ಟುವುದಿಲ್ಲ, ಕೈಯಿಂದ ಕೈಗೆ ಕೊಟ್ಟಿದ್ದು ಚೀಟಿ, ಅಂಚೆಯಲ್ಲಿ ಬಂದದ್ದು ಪತ್ರ ಎಂದ. ಎಷ್ಟು ಹೇಳಿದರೂ ಕೇಳಲಿಲ್ಲ. ಆ ಸಂಜೆ ಸ್ಟೇಷನ್ನಿಗೆ ಹೋಗುವಾಗ ಅವನೇ ಎಲ್ಲರನ್ನೂ ಅಂಚೆ ಡಬ್ಬಿಯ ಮುಂದೆ ನಿಲ್ಲಿಸಿ, ಸಿದ್ದರಾಜುವಿನ ಕೈಯಿಂದಲೇ ಅದನ್ನು ಒಳಗೆ ಹಾಕಿಸಿದ. ಪ್ಲಾಟ್‌ಫಾರಂನಲ್ಲಿ ಅರ್ಪಿತ ಅಪ್ಪನನ್ನು ಕೇಳಲಿಲ್ಲ, ಅಪ್ಪ ಹೇಳಲಿಲ್ಲ.

ಕಾಗದ ಮಾರನೆಯ ದಿನ ಬೆಳಿಗ್ಗೆ ಹನ್ನೊಂದೂವರೆಗೆ ಅದೇ ಓಣಿಯ ಅದೇ ಮನೆಗೆ ಬಟವಾಡೆಯಾಯಿತು. ಕನ್ನಡದಲ್ಲಿದ್ದುದರಿಂದ ಓದಿಸಲು ಅರ್ಪಿತಳನ್ನು ಆಫೀಸಿನಿಂದ ಕರೆಸಬೇಕಾಯಿತು. ಹೆಣ್ಣು ಕೊಡಲು ಒಪ್ಪಿದ್ದೇವೆ, ಮದುವೆ ನಮ್ಮೂರಿನಲ್ಲಿ ಆಗತಕ್ಕದ್ದು ಎಂದು ಅದರಲ್ಲಿತ್ತು. ಮದುವೆ ಮೇ ಹತ್ತೊಂಬತ್ತರ ಭಾನುವಾರ ಅರಕೆರೆಯಲ್ಲಿ ಆಯಿತು.