ಸೀಳದೆ ಬಿಟ್ಟ ಹಾಳೆ

'ಬರೀ ಕಾಗದದ ಮೇಲಿರುವ ಹೆಣ್ಣಿನ ಬಗ್ಗೆ ನನಗೇಕೆ ಇಷ್ಟು ಹೊಟ್ಟೆಕಿಚ್ಚು...?' ವಿನಿಫ್ರೆಡ್ ತನ್ನೊಳಗೇ ಕೇಳಿಕೊಂಡಳು. ಯಾರೊಂದಿಗೂ ಹೇಳಿಕೊಳ್ಳುವಂಥ ಸಂಕಟವಲ್ಲ ಅದು.

ಕಿಟಕಿಯಾಚೆ ಅಕ್ಟೋಬರಿನ ಸಂಜೆ ಹೊಳೆಯ ಮೇಲೆ ಮಂಜಿನ ಸೆರಗು ಹಾಸುತ್ತಿತ್ತು. ಸೇಬಿನ ಮರದ ಕಡೆಯ ಎಲೆಗಳು ಸುವರ್ಣಬಿಂದುಗಳಂತೆ ಒಂದೊಂದಾಗಿ ಕಳಚಿ ಬೀಳುತ್ತಿರಲು, ದೂರದ ಚರ್ಚಿನ ಘಂಟಾನಾದವು ತೇವದ ಗಾಳಿಯಲ್ಲಿ ತೊಯ್ದು ಮೃದುವಾಗಿ, ಒಳಮನೆಯ ದೀಪಪ್ರಭೆಯವರೆಗೂ ತೇಲಿಬರುತ್ತಿತ್ತು... ಒಳಗೆ ಕಾದಂಬರಿವಾಚನ. ತಂದೆಯ ಕಣ್ಣು ಮಸುಕಾದಂದಿನಿಂದ ಚಹಾ ಮುಗಿದ ಮೇಲೆ ಅದೊಂದು ನಿತ್ಯವಿಧಿ. ಗಂಡಸರ ಮಾತುಗಳನ್ನು ನೆರೆಮನೆಯ ಆಂಬ್ರೋಸ್ ಪೆಲ್ ಓದುವನು. ಹೆಂಗಸರ ಮಾತುಗಳನ್ನು ಅಕ್ಕ ಅಡಿಲೇಡ್. ಅಂಚು ಕೂಡಿಕೊಂಡೇ ಬರುವ ಹೊಸ ಪುಸ್ತಕದ ಹಾಳೆಗಳನ್ನು ದಂತದ ಕತ್ತಿಯಿಂದ ಮೊದಲೇ ಸೀಳಿಡುವುದು ವಿನಿಫ್ರೆಡಳ ಪಾಲಿನ ಕೆಲಸ.

ನಮ್ಮ ಕಾದಂಬರಿಕಾರರು ಕಣ್ಣಿಗಿಂತ ಕಿವಿಯನ್ನೇ ಹೆಚ್ಚು ನಂಬಿದವರಲ್ಲವೆ, ಸಹೃದಯರೇ! ಬಾಗಿಲ ಮರೆಯ ರೇಷ್ಮೆಯ ಸರಸರ, ಜಲ್ಲಿಹಾದಿಯಲ್ಲಿ ಬಂದು ನಿಂತ ಗಾಲಿಯ ಸದ್ದು, ಅರ್ಧಕ್ಕೆ ತಡೆದ ಉಸಿರು... ನಾಯಕಿಗಿಂತ ಮೊದಲು ಅವಳ ಶಬ್ದ ಬರುತ್ತದೆ. ಆ ಶಬ್ದಗಳೆಲ್ಲ ಅಡಿಲೇಡಳ ರಜತಕಂಠದಲ್ಲಿ ಜೀವತಳೆದು, ಪೆಲ್‌ನ ಗಂಭೀರಸ್ವರವು ಅದಕ್ಕೆ ಮರುನುಡಿಯುವಾಗ, ಕಾಣದ ಕಣಿವೆಯಲ್ಲಿ ಎರಡು ತೊರೆಗಳು ಕೂಡಿದಂತೆ ಕೇಳುತ್ತಿತ್ತು; ಮೂಲೆಯಲ್ಲಿ ಕುಳಿತ ತಂಗಿಯ ಎದೆಯಲ್ಲಿ ಸಣ್ಣ ಕೆಂಡವೊಂದು ಬೂದಿ ಕೊಡವಿಕೊಂಡು ಏಳುತ್ತಿತ್ತು. ಪುಸ್ತಕ ಮುಗಿದೊಡನೆ ಪೆಲ್ ಅಡಿಲೇಡಳನ್ನು ಮದುವೆಗೆ ಕೇಳುವನೆಂದು ಊರೆಲ್ಲ ನಂಬಿತ್ತು. ಇಂದು ಓದುತ್ತಿದ್ದುದು ಕಡೆಯ ಸಂಪುಟ.

ಮಧ್ಯಾಹ್ನ ಹಾಳೆ ಸೀಳುವಾಗ ಅವಳು ಒಂದು ಮಡಿಕೆಯೊಳಗೆ ಇಣುಕಿದ್ದಳು. ನಾಯಕನ ಪ್ರೇಮನಿವೇದನೆ ಅಲ್ಲಿತ್ತು. ಅದು ಪೆಲ್‌ನ ದನಿಯಲ್ಲಿ, ಅಕ್ಕನ ಮುಖ ನೋಡುತ್ತಾ... ಕತ್ತಿ ನಿಂತಿತು. ಆ ಮಡಿಕೆಯೊಂದನ್ನು ಹಾಗೇ ಬಿಟ್ಟು ಮುಂದಿನದನ್ನು ಸೀಳಿದಳು.

ಈಗ ಪೆಲ್ ಪುಟ ತಿರುವಿದ. ತೋಟದ ಜಗಳದಲ್ಲಿದ್ದ ಕಥೆ ನೇರವಾಗಿ ಮದುವೆಯ ಗಂಟೆಗಳಿಗೆ ಹಾರಿತು.

"ತಾಳಪ್ಪಾ ತಾಳು," ಎಂದರು ತಂದೆ, ಕುರ್ಚಿಯಲ್ಲಿ ನೆಟ್ಟಗಾಗಿ. "ಈಗ ತಾನೇ ಮುಖ ತಿರುಗಿಸ್ಕೊಂಡು ನಿಂತಿದ್ರಲ್ಲ, ಅಷ್ಟು ಬೇಗ ಚರ್ಚಿಗೆ ಹೊರಟೇಬಿಟ್ರಾ? ಈ ಹುಡುಗಿಯರ ಅಮ್ಮನ್ನ ಒಪ್ಪಿಸೋಕೆ ನನಗೆ ಎರಡು ಬೇಸಿಗೆ ಹಿಡೀತು."

ಅಡಿಲೇಡ್ ನಕ್ಕಳು. "ನಮ್ಮ ವಿನಿ ಹಾಳೆ ಸೀಳ್ತಾ ತೂಕಡಿಸಿರ್ತಾಳೆ ಅಪ್ಪಾ. ಅವಳಿಗೆ ಕೊಡೋದೇ ಒಂದು ಕೆಲಸ, ಅದನ್ನೂ ಅರ್ಧ ಮಾಡ್ತಾಳೆ."

ಪೆಲ್ ಪುಸ್ತಕವನ್ನು ದೀಪದ ಬಳಿಗೆ ಹಿಡಿದ. ಕೂಡಿಕೊಂಡೇ ಇದ್ದ ಮಡಿಕೆಯೊಳಗೆ ಇಣುಕಿ, ಒಂದೆರಡು ಸಾಲು ಓದಿಕೊಂಡು, ಮೆಲ್ಲನೆ ತಲೆಯೆತ್ತಿ ಅವಳನ್ನೇ ನೋಡಿದ.

"ಇದೊಂದೇ ಉಳಿದಿದೆ, ಮಿಸ್ ವಿನಿಫ್ರೆಡ್," ಎಂದ, ದಂತದ ಕತ್ತಿಯನ್ನು ಅವಳತ್ತ ಚಾಚಿ. "ಮರೆತಿರಾ?"

ಹೂಂ ಎಂದರೆ ಸಾಕಿತ್ತು. ಎಲ್ಲರೂ ನಕ್ಕು, ಹಾಳೆ ಸೀಳಿ, ಆ ಮಾತುಗಳು ಅಕ್ಕನ ಪಾಲಾಗುತ್ತಿದ್ದವು. ಅಸೂಯೆಯೆಂದು ನಾವು ಹಳಿಯುವುದು, ಎಷ್ಟೋ ಸಲ, ಮಾತು ಬಾರದ ಪ್ರೀತಿಯ ಮೊದಲ ತೊದಲಲ್ಲವೆ? ಶರತ್ಕಾಲದ ಮಬ್ಬಿನೊಳಗಿಂದ ಸೂರ್ಯರೇಖೆಯೊಂದು ದಾರಿ ತಡಕುತ್ತಾ ಬರುವಂತೆ, ನಾಚಿಕೆಯನ್ನೂ ಭಯವನ್ನೂ ಹಾದು ಅದು ಒಮ್ಮೆ ಕಂಠದವರೆಗೆ ಬಂದುಬಿಡುತ್ತದೆ...

ಅವಳು ಕತ್ತಿಯನ್ನು ತೆಗೆದುಕೊಳ್ಳಲಿಲ್ಲ.

"ಮರೆತಿಲ್ಲ, ಪೆಲ್ ಅವರೇ. ಆ ಮಾತು ನೀವು ಅಕ್ಕನಿಗೆ ಹೇಳೋದನ್ನ ನಾನು ಕೇಳಲಾರೆ... ಪುಸ್ತಕದಲ್ಲಿದ್ರೂ ಸರಿ."