ಸೇತುವೆಯಾಚೆಯ ಅಗ್ಗದ ಮನೆ

ಅಕ್ಕನ ಹೊಸ ಮನೆ ಮಲೇಷ್ಯಾದ ಜೊಹೊರ್ ಬಾರುವಿನಲ್ಲಿ. ನಮ್ಮ ಸಿಂಗಪುರದಿಂದ ಸೇತುವೆ ದಾಟಿದರೆ ಆಯಿತು, ಆಚೆ ದಡ. ದೂರ ಏನೂ ಅಲ್ಲ. ಆದರೆ ಶನಿವಾರ ಆ ಸೇತುವೆಯ ಮೇಲೆ ಕಾರಿನಲ್ಲಿ ಕೂತವನಿಗೆ ಗೊತ್ತು ದೂರ ಅಂದರೆ ಏನು ಅಂತ. ಮೂರು ಗಂಟೆ ಕೂತೆವು. ಅಕ್ಕನ ಮಗ ವೇ ಲಿಯಾಂಗ್ ಕಾರು ಓಡಿಸುತ್ತಲೇ ಪಾಠ ಶುರು ಮಾಡಿದ.

"ಮಾವ, ಅಮ್ಮ ಫ್ಲ್ಯಾಟ್ ಮಾರಿದ ದುಡ್ಡಿಗೆ ಹಾಂಕಾಂಗ್‌ನಲ್ಲಿ ಏನು ಸಿಗ್ತದೆ ಗೊತ್ತಾ? ಒಂದು ಬಚ್ಚಲುಮನೆ. ಬಾಗಿಲು ಬೇರೆ ನಾವೇ ಹಾಕಿಸ್ಕೋಬೇಕು. ಸಿಡ್ನಿಯಲ್ಲಿ ಊರಾಚೆ ಒಂದು ಕಾರ್ ಶೆಡ್ಡು. ಇಲ್ಲಿ ನೋಡು, ಅರ್ಧ ದುಡ್ಡಿಗೇ ಎರಡು ಮಹಡಿ, ನಾಲ್ಕು ರೂಮು, ಮುಂದೆ ಅಂಗಳ!"

"ಉಳಿದರ್ಧ ಎಲ್ಲಿಗೆ ಹೋಯ್ತು ಅಂತಾನೂ ಹೇಳಪ್ಪ, ಕೇಳೋಣ," ಅಂದೆ.

ಅವನು ಮುಂದಿನ ಕಾರಿಗೆ ಹಾರ್ನ್ ಒತ್ತಿದ. ಅವಳಿ ಮಕ್ಕಳಾದ ಮೇಲೆ ಅವನಿಗೆ ಸ್ವಂತ ಫ್ಲ್ಯಾಟ್ ಬೇಕಾಯಿತು. ಈಗಿನ ಬೆಲೆಗೆ ಗಂಡ ಹೆಂಡತಿ ಇಬ್ಬರ ಸಂಬಳವೂ ಎಲ್ಲಿ ಸಾಲುತ್ತದೆ? ಅಕ್ಕ ತನ್ನದನ್ನು ಮಾರಿ ಅರ್ಧ ಅವನ ಕೈಗಿಟ್ಟಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಉಳಿದ ದುಡ್ಡಿಗೆ ತಕ್ಕ ಹಾಸಿಗೆ ಅವಳಿಗೆ ಸ್ವಂತ ದೇಶದಲ್ಲೇ ಸಿಗಲಿಲ್ಲ. ಬೈಯಬೇಕಾದ್ದು ಹುಡುಗನನ್ನಲ್ಲ, ನನಗೆ ಗೊತ್ತು. ಆದರೆ ಬೆಲೆಯನ್ನು ಬೈದರೆ ಅದಕ್ಕೇನು ಕಿವಿ ಇದೆಯೇ?

ನನ್ನ ಹೊಟ್ಟೆಯಲ್ಲಿದ್ದ ಮಾತು ಒಂದೇ. ಅಕ್ಕನನ್ನು ವಾಪಸು ಕರೆದುಕೊಂಡು ಬರಬೇಕು. ನನ್ನದು ಎರಡು ಕೋಣೆಯ ಮನೆ, ಹೆಂಡತಿ ಹೋದ ಮೇಲೆ ಒಂದು ಕೋಣೆ ಖಾಲಿಯೇ ಬಿದ್ದಿದೆ. ಅಲ್ಲಿ ಬಂದಿರು ಅಂತ ಹೇಳಲು ಹೊರಟಾಗಲೆಲ್ಲ ಹಾಳು ಬಾಯಿಯಿಂದ ಜಗಳವೇ ಬಂದಿತ್ತು. ಮೂವತ್ತು ವರ್ಷ ದಿನಾ ಬೆಳಿಗ್ಗೆ ಫ್ಲ್ಯಾಟುಗಳ ಬ್ಲಾಕಿನ ಕೆಳಗಿನ ಅಂಗಡಿಯಲ್ಲಿ ಅವಳ ಜೊತೆ ಕಾಫಿ ಕುಡಿದವನು ನಾನು. ಇನ್ನು ಮೇಲೆ ಯಾರ ಜೊತೆ ಜಗಳ ಆಡಲಿ?

ಕಿಮ್ ಲಿಯನ್ ಅಕ್ಕ ಗೇಟಿನಲ್ಲೇ ತಡೆದಳು. ಕೆಂಪು ಅಂಗಿ, ಕಂಕುಳಲ್ಲಿ ಕೆಂಪು ಪಟ್ಟಿ ಕಟ್ಟಿದ ಅನಾನಸು.

"ಬರಿಗೈಲಿ ಒಳಗೆ ಬರೋ ಹಾಗಿಲ್ಲ, ಈ ಅಕ್ಕಿ ಡಬ್ಬಿ ಹಿಡ್ಕೋ. ಮತ್ತೆ ತೆಕ್ ಸೂನ್, ಕೇಳಿಲ್ಲಿ. ಹೊಸ ಮನೆಗೆ ಬರೋ ದಿನ ಕೆಟ್ಟ ಮಾತು ಆಡಬಾರದು. ಬೈಯೋ ಹಾಗಿಲ್ಲ, ಅಳೋ ಹಾಗಿಲ್ಲ. ನಿನ್ನ ನಾಲಿಗೆ ನನಗೆ ಗೊತ್ತಿಲ್ವಾ?"

"ಅದು ಬಿಟ್ರೆ ನನ್ನ ಹತ್ರ ಬೇರೆ ಮಾತೇ ಇಲ್ವಲ್ಲ!"

"ಹಾಗಾದ್ರೆ ಮೂಗನ ಥರ ಇರು."

ದಾರಿಯುದ್ದಕ್ಕೂ ಜೋಡಿಸಿಕೊಂಡು ತಂದ ಮಾತಿಗೆಲ್ಲ ಗೇಟಿನಲ್ಲೇ ಬೀಗ ಬಿತ್ತು.

ಹೊಸ ಮನೆಯೊಳಗೆ ನಮ್ಮ ಚೀನೀಯರು ಮೊದಲು ಅನಾನಸು ಉರುಳಿಸುತ್ತಾರೆ, ಅದರ ಹಿಂದೆ ಸಿರಿಯೂ ಬರಲಿ ಅಂತ. ನನಗೆ ಅಮ್ಮ ಉರುಳಿಸಿದ್ದು ನೆನಪಾಯಿತು. ತಗಡಿನ ಗುಡಿಸಲು ಬಿಟ್ಟು ಟೊವಾ ಪಾಯೊ ಬಡಾವಣೆಯಲ್ಲಿ ಸರ್ಕಾರಿ ಫ್ಲ್ಯಾಟಿನ ಬೀಗದ ಕೈ ಸಿಕ್ಕ ದಿನ ಅದು. ಅಪ್ಪ ಬಂದರಿನಲ್ಲಿ ಮೂಟೆ ಹೊರುತ್ತಿದ್ದ. ಮೂಟೆ ಹೊರುವವನಿಗೂ ಮನೆ ಸಿಗುತ್ತಿದ್ದ ಕಾಲ, ಈಗ ಹೇಳಿದರೆ ಹುಡುಗರು ನಗುತ್ತಾರೆ. ಅಮ್ಮ ಬಾಗಿಲಲ್ಲಿ ಬಗ್ಗಿ ಹಣ್ಣು ಬಿಟ್ಟಳು. ನಾವೆಲ್ಲ "ಹುವಾತ್ ಆ!" ಅಂತ, ಸಿರಿ ಉಕ್ಕಲಿ ಅಂತ, ಕೂಗಿ ಮುಗಿಸುವುದರೊಳಗೆ ಅದು ಅಡುಗೆಮನೆ ಗೋಡೆಗೆ ಬಡಿದು ತಿರುಗಿ ಅವಳ ಕಾಲ ಬುಡಕ್ಕೇ ಬಂತು. ಅಪ್ಪ ನಕ್ಕು ನಕ್ಕು ಕೆಮ್ಮಿದ. ಏಳು ಜನ ಸಾಲಾಗಿ ನೆಲದ ಮೇಲೆ ಮಲಗುತ್ತಿದ್ದೆವು, ಅಕ್ಕನ ಕಾಲು ನನ್ನ ಮುಖದ ಮೇಲೆ. ಎಂಥ ಸುಖದ ದಿನಗಳಪ್ಪಾ ಅವು!

ಅಕ್ಕ ಸೊಂಟ ಹಿಡಿದುಕೊಂಡು ಬಗ್ಗಿದಳು. ಅನಾನಸು ನುಣ್ಣನೆಯ ನೆಲದ ಮೇಲೆ ಉರುಳಿತು, ಉರುಳುತ್ತಲೇ ಹೋಯಿತು, ಆಮೇಲೆ ನಡುಮನೆಯ ಮಧ್ಯೆ ತಾನಾಗಿಯೇ ನಿಂತುಬಿಟ್ಟಿತು. ಗೋಡೆ ಇನ್ನೂ ಎಲ್ಲೋ ದೂರದಲ್ಲಿತ್ತು.

"ಹುವಾತ್ ಆ," ಅಂದಳು. ದನಿಗೂಡಿಸಲು ನಾನಲ್ಲದೆ ಯಾರೂ ಇರಲಿಲ್ಲ. ಮಕ್ಕಳಿಗೆ ಜ್ವರ ಅಂತ ಸೊಸೆ ಬಂದಿರಲಿಲ್ಲ, ಮಗ ಹೊರಗೆ ಕಾರಿನಿಂದ ಡಬ್ಬ ಇಳಿಸುತ್ತಿದ್ದ. ಅವಳು ನನ್ನ ಮುಖ ನೋಡಿದಳು. ನಾನೂ ಅದನ್ನೇ ಗಂಟಲು ಹರಿಯುವ ಹಾಗೆ ಕೂಗಿದೆ.

"ಏನಾದ್ರೂ ಒಳ್ಳೇದು ಹೇಳೋ. ತವರಿನ ಕಡೆಯೋನು ಅಂತ ಉಳಿದಿರೋದು ನೀನೊಬ್ಬನೇ."

ಒಳ್ಳೆಯ ಮಾತು ನನಗೆ ಎಲ್ಲಿಂದ ಬರಬೇಕು? ತಡಕಾಡಿ, "ಈ ಮನೆ ಯಾವಾಗಲೂ ತುಂಬಿರಲಿ," ಅಂದೆ.

"ಯಾರಿಂದ?" ಅಂದಳು.

ಬೈಯಲಿಲ್ಲ, ಅಳಲಿಲ್ಲ, ಅಷ್ಟೇ ಕೇಳಿದಳು. ಆ ಹೊಸ್ತಿಲ ಮೇಲೆ ನಿಂತು, ಇದನ್ನು ಬಿಟ್ಟು ನನ್ನ ಮನೆಗೆ ಬಾ ಅಂದರೆ ಮನೆಗೇ ಶಾಪ ಹಾಕಿದ ಹಾಗೆ. ಅಕ್ಕಿ ಡಬ್ಬಿ ಹಿಡಿದು ನಿಂತೇ ಇದ್ದೆ.

ವೇ ಲಿಯಾಂಗ್ ಬಾಗಿಲಲ್ಲಿ ಇಣುಕಿದ. "ಹೊರಡೋಣ್ವಾ ಮಾವ? ತಡ ಆದ್ರೆ ಸೇತುವೆ ಮೇಲೆ ಸಾಲು ಬೆಳೀತದೆ."

"ನೀನು ಹೋಗಪ್ಪ. ನಾನು ನಾಳೆ ಬಸ್ಸಲ್ಲಿ ಬರ್ತೀನಿ."

"ನಾಳೆ ಭಾನುವಾರ, ಬಸ್ಸಲ್ಲಿ ಕಾಲಿಡೋಕೂ ಜಾಗ ಇರಲ್ಲ," ಅಂದಳು ಅಕ್ಕ.

"ಹಾಗಾದ್ರೆ ಸೋಮವಾರ."

"ಸೋಮವಾರ ಕೆಲಸಕ್ಕೆ ಹೋಗೋರ ಗದ್ದಲ."

"ಮಂಗಳವಾರ?"

ಅಕ್ಕ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡಳು. "ಕೆಳಗಿನ ರೂಮು ತಗೋ," ಅಂದಳು. "ಮೆಟ್ಟಿಲು ಹತ್ತೋಕೆ ನಿನ್ನ ಕೈಲಾಗಲ್ಲ."