ಸಹಿಯಾಗದ ಪಟ್ಟಿ

ಆ ಪಟ್ಟಿ ತಯಾರಿಸಿದವನು ನಾನೇ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಪುಣೆಯಲ್ಲಿ ಧನಕವಡಿ ದಾಟಿ ಘಾಟಿನ ಕಡೆ ಸ್ವಲ್ಪ ಹೋದರೆ ಶಿರಾಳಖಿಂಡಿ ಸಿಗುತ್ತದೆ. ಒಂದು ಕಾಲಕ್ಕೆ ಹಳ್ಳಿ, ಈಗ ಶಹರದ ಬೆನ್ನಿಗೆ ಅಂಟಿಕೊಂಡ ಪಟ್ಟಣ. ಅಲ್ಲಿನ ನಗರ ಪರಿಷತ್ತಿನ ಆರೋಗ್ಯ ವಿಭಾಗದಲ್ಲಿ ನಾನು ಹಿರಿಯ ಗುಮಾಸ್ತ. ಹೆಸರು ಬಾಳಕೃಷ್ಣ. ಹುಟ್ಟಿದ್ದು ಧಾರವಾಡ, ಮನೆ ಸದಾಶಿವ ಪೇಠ, ನಿವೃತ್ತಿಗೆ ಆಗ ಹದಿನಾಲ್ಕು ತಿಂಗಳು ಬಾಕಿ.

ಜೂನಿನಲ್ಲಿ ಮೇಲಿನಿಂದ ಒಂದು ಸುತ್ತೋಲೆ ಬಂತು. ಬಡವರ ಆರೋಗ್ಯ ವಿಮೆಯ ಅನುದಾನ ಅರ್ಧಕ್ಕೆ ಇಳಿದಿದೆ, ಆದ್ದರಿಂದ ಪ್ರತಿ ಪರಿಷತ್ತು ಅನರ್ಹರ ಹೆಸರು ತೆಗೆಯಬೇಕು. ತೆಗೆದ ಹೆಸರುಗಳ ಕೆಳಗೆ ಆಯಾ ವಾರ್ಡಿನ ಸದಸ್ಯರು ‘ಖುದ್ದು ಪರಿಶೀಲಿಸಿದ್ದೇನೆ’ ಎಂದು ಸಹಿ ಹಾಕಬೇಕು. ಅನರ್ಹರು ಎಷ್ಟು ಮಂದಿ ಎಂಬುದು ಹೀಗೆ ಮೊದಲೇ ತೀರ್ಮಾನವಾಗಿತ್ತು. ಯಾರು ಎಂಬುದನ್ನಷ್ಟೇ ನಾವು ಹುಡುಕಬೇಕಿತ್ತು.

ಮುಖ್ಯಾಧಿಕಾರಿ ಶರ್ವರಿ ಮೇಡಂ ವಯಸ್ಸಿನಲ್ಲಿ ನನ್ನ ಮಗಳಷ್ಟು, ಕೆಟ್ಟವರಲ್ಲ. ಅವರ ಮೇಲೂ ಒತ್ತಡವಿತ್ತು. “ಹತ್ತು ದಿನದಲ್ಲಿ ಮುಗಿಸಿ” ಅಂದರು. ಹತ್ತು ದಿನದಲ್ಲಿ ಊರೆಲ್ಲ ತಿರುಗುವುದು ಆಗದ ಮಾತು. ನಾನು ಕುರ್ಚಿ ಬಿಟ್ಟು ಏಳಲೇ ಇಲ್ಲ. ಬೇರೆ ರಾಜ್ಯದ ರೇಷನ್ ಕಾರ್ಡು ಇದ್ದವರು, ಹೆಸರಿನ ಕಾಗುಣಿತ ತಪ್ಪಿದವರು, ಫೋನ್ ಎತ್ತದವರು ಎಂದು ಒಬ್ಬೊಬ್ಬರನ್ನೇ ತೆಗೆದೆ. ಅಷ್ಟಾದರೂ ಸಂಖ್ಯೆ ತುಂಬದಿದ್ದಾಗ ಇನ್ನಷ್ಟು ಜನರ ಮುಂದೆ ‘ಮನೆಗೆ ಬೀಗ’ ಎಂದು ಬರೆದೆ.

ಸಭೆಗೆ ಎಂಟು ದಿನ ಮೊದಲು ಇಪ್ಪತ್ತೂ ಸದಸ್ಯರಿಗೆ ಅವರವರ ವಾರ್ಡಿನ ಹಾಳೆ ಕಳಿಸಿದೆವು. ಅದನ್ನು ತೆರೆದು ಓದಿದವರು ಒಬ್ಬರೇ, ಏಳನೇ ವಾರ್ಡಿನ ಭುವನೇಶ್ವರಿಬಾಯಿ.

ಅವರು ಯಾದಗಿರಿ ಕಡೆಯವರು. ಒಂಬತ್ತು ವರ್ಷದವರಿದ್ದಾಗ ಅಪ್ಪ-ಅವ್ವನ ಸಂಗಡ ಕಟ್ಟಡದ ಕೆಲಸಕ್ಕೆ ಪುಣೆಗೆ ಬಂದು ಮರಳು ಹೊತ್ತವರು. ಮುಂದೆ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿ ದುಡಿಯುತ್ತಲೇ ಹತ್ತನೇ ಇಯತ್ತೆ ಪಾಸು ಮಾಡಿದರು. ಮಹಿಳಾ ಮೀಸಲಿನಲ್ಲಿ ಆರಿಸಿ ಬಂದಾಗ ‘ಹೇಳಿದಲ್ಲಿ ಸಹಿ ಹಾಕುವ ಬಾಯಿ ಸಿಕ್ಕಳು’ ಎಂದು ನಮ್ಮ ಆಫೀಸಿನಲ್ಲಿ ನಕ್ಕವರಿದ್ದರು.

ಅವರು ಸೀದಾ ನನ್ನ ಟೇಬಲ್ಲಿಗೆ ಬಂದರು.

“ಸಾಹೇಬ್ರ, ಗೌಂಡಿ ಅವ್ವಣ್ಣನ ಮನಿಗೆ ಬೀಗ ಇತ್ತಂತ ಬರದೀರಿ. ನೀವು ಹೋಗಿದ್ರೇನು?”

ನಾನು ಫೈಲಿನ ಲಾಡಿ ಕಟ್ಟತೊಡಗಿದೆ.

“ಏಳ್ರಿ, ಗಾಡಿ ತಗೀರಿ. ನಾ ಹಿಂದ ಕೂಡ್ತೀನಿ.”

ಯಾಕೆ ಎದ್ದೆನೋ ಗೊತ್ತಿಲ್ಲ. ಸ್ಕೂಟರಿನಲ್ಲಿ ಗುಡ್ಡದ ಬುಡಕ್ಕೆ ಹೋದೆವು. ಸಾಲಾಗಿ, ಕರ್ನಾಟಕದಿಂದ ದುಡಿಯಲು ಬಂದವರ ತಗಡಿನ ಮನೆಗಳು. ಅವ್ವಣ್ಣನ ಮನೆಗೆ ಬಾಗಿಲೇ ಇರಲಿಲ್ಲ, ಬಾಗಿಲಿನ ಜಾಗದಲ್ಲಿ ಯಾವುದೋ ಹಳೆಯ ಚುನಾವಣೆಯ ಫ್ಲೆಕ್ಸ್ ತೂಗುತ್ತಿತ್ತು.

“ಬೀಗ ಎಲ್ಲಿ ಹಾಕಿತ್ರಿ?” ಭುವನೇಶ್ವರಿಬಾಯಿ ಕೇಳಿದರು. ದನಿಯಲ್ಲಿ ಕುಹಕವೇನೂ ಇರಲಿಲ್ಲ. ಉತ್ತರ ಬೇಕಾಗಿಯೇ ಕೇಳಿದ್ದರು.

ಒಳಗೆ, ಒಂದು ಕಾಲಕ್ಕೆ ಗೋಡೆ ಕಟ್ಟುತ್ತಿದ್ದ ಅವ್ವಣ್ಣ ಮಂಚದ ಮೇಲೆ ಕೂತಿದ್ದ. ಎರಡೂ ಮೂತ್ರಪಿಂಡ ಕೆಟ್ಟು ಮೂರು ವರ್ಷ ಆಗಿತ್ತು. ವಾರಕ್ಕೆ ಎರಡು ಸಲ ಡಯಾಲಿಸಿಸ್, ಅದು ನಡೆಯುವುದು ಈ ವಿಮೆಯ ಕಾರ್ಡಿನ ಮೇಲೆ. ಸೂಜಿ ಚುಚ್ಚಿ ಚುಚ್ಚಿ ಎಡಗೈ ಗಂಟುಗಂಟಾಗಿತ್ತು. ಅವನ ಹೆಂಡತಿ ಯಮನವ್ವ ನಮಗೆ ಚಹಾ ಕೊಟ್ಟಳು, ಅವನಿಗೆ ಕೊಡಲಿಲ್ಲ.

“ನನಗ ಇಡೀ ದಿನಕ್ಕ ಈ ಬಾಟ್ಲಿ ನೀರಷ್ಟರಿ” ಎಂದು ಅವನು ಅರ್ಧ ಲೀಟರಿನ ಬಾಟಲಿ ತೋರಿಸಿದ. “ಚಾ ಕುಡದ್ರ ಅಷ್ಟು ನೀರು ಕಡಿಮಿ ಆಗ್ತದ. ತಮ್ಮದು ಯಾವೂರ್ರಿ?”

“ಧಾರವಾಡ.”

“ಕೇಳ್ದೇನ, ಸಾಹೇಬ್ರು ನಮ್ಮ ಮಂದಿನ ಅದಾರ!” ಎಂದು ಹೆಂಡತಿಗೆ ಹೇಳಿದ. ಮುಖದಲ್ಲಿ ಎಷ್ಟೋ ದಿನದ ಮೇಲೆ ಬೀಗರು ಬಂದಂಥ ಖುಷಿ.

“ಸರ್ವೇಕ್ಕ ಬಂದೀರೇನ್ರಿ?” ಎಂದು ಯಮನವ್ವ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಕಾರ್ಡು ತಂದು ನನ್ನ ಕೈಯಲ್ಲಿಟ್ಟಳು. ಅದರ ನಂಬರನ್ನು ನಾನೇ ಹೊಡೆದುಹಾಕಿದ್ದೆ.

ಹೊರಗೆ ಬಂದ ಮೇಲೆ ಭುವನೇಶ್ವರಿಬಾಯಿ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. “ನನ್ನ ವಾರ್ಡಿನ ಹಾಳಿ ಅಷ್ಟ ಸಾಲೂದಿಲ್ಲ. ಎಲ್ಲಾ ವಾರ್ಡಿಂದೂ ಕೊಡ್ರಿ” ಅಂದರು.

“ಅದು ಕೊಡ್ಲಿಕ್ಕೆ ಬರಂಗಿಲ್ರಿ ಬಾಯಿ. ಗೋಪ್ಯ ಅದ.”

“ಯಾರಿಗೆ ಗೋಪ್ಯರಿ? ಹೆಸರು ಹೋದವರಿಗೇನು?”

ಮನೆಗೆ ಹೋಗಿ ಹೆಂಡತಿ ಇಂದೂಗೆ ಎಲ್ಲ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡಳು. “ಪೆನ್ಶನ್‌ಗೆ ತೊಂದರಿ ಆದೀತು” ಅಂದಳು. ಬಿಡಿಸಿದ ಸೊಪ್ಪು ಬುಟ್ಟಿಗೆ ಹಾಕಿ, “ಆದ್ರ ನೀವು ಊಟಾ ಬಿಟ್ಟು ಕೂತ್ರ ಆ ಪೆನ್ಶನ್ ತಗೊಂಡು ಏನ್ ಮಾಡೋದದ?” ಅಂದಳು. ಮರುದಿನ ಬೆಳಿಗ್ಗೆ ನಮ್ಮ ಪೇಠದ ಝೆರಾಕ್ಸ್ ಅಂಗಡಿಯಲ್ಲಿ, ಕ್ಲಾಸಿನ ನೋಟ್ಸ್ ತೆಗೆಸಲು ಬಂದ ಹುಡುಗರ ಸಾಲಿನಲ್ಲಿ ನಿಂತು, ಇಪ್ಪತ್ತೂ ವಾರ್ಡಿನ ಪಟ್ಟಿಯ ಪ್ರತಿ ತೆಗೆಸಿದೆ.

ಭುವನೇಶ್ವರಿಬಾಯಿ ಉಳಿದ ವಾರವೆಲ್ಲ ಕಾಲ್ನಡಿಗೆಯಲ್ಲಿ ಮನೆ ಮನೆ ತಿರುಗಿದರು. ಬರೀ ತಮ್ಮ ವಾರ್ಡಲ್ಲ, ತಮಗೆ ಒಂದೂ ಓಟು ಹಾಕದ ಓಣಿಗಳನ್ನೂ.

ಸಭೆಯ ದಿನ ಅಧ್ಯಕ್ಷ ತಾತ್ಯಾ ರೂಢಿಯಂತೆ ವಿಷಯ ಓದುತ್ತ ಹೋದರು. ಒಂದೊಂದಕ್ಕೂ ಸದಸ್ಯರು “ಮಂಜೂರ” ಎನ್ನುತ್ತಿದ್ದರು. ಹನ್ನೊಂದನೆಯದು ನಮ್ಮ ಪಟ್ಟಿ. ಭುವನೇಶ್ವರಿಬಾಯಿ ಎದ್ದು ನಿಂತು ಮರಾಠಿಯಲ್ಲಿ, “ತಾತ್ಯಾ, ಥಾಂಬಾ” ಎಂದು ತಡೆದರು.

ಹಿಂದಿನ ಸಾಲಿನಿಂದ ಒಬ್ಬ ಸದಸ್ಯ ಕೂಗಿದ: “ಕರ್ನಾಟಕದವರನ್ನು ಕರ್ನಾಟಕದ ಸರಕಾರ ನೋಡಿಕೊಳ್ಳಲಿ!” ಕೆಲವರು ನಕ್ಕರು.

ಭುವನೇಶ್ವರಿಬಾಯಿ ತಮ್ಮ ವಾರ್ಡಿನ ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟರು. “ಸರಿ, ನನ್ನವರ ಹೆಸರು ಓದುವುದಿಲ್ಲ. ಮೂರನೇ ವಾರ್ಡಿನದು ಓದುತ್ತೇನೆ.” ಮೂರನೆಯದು ಅಧ್ಯಕ್ಷರ ಸ್ವಂತ ವಾರ್ಡು.

“ಗಂಗೂಬಾಯಿ. ಮನೆಗೆ ಬೀಗ ಎಂದು ಬರೆದಿದೆ. ನಿನ್ನೆ ಸಂಜೆ ಹೋಗಿದ್ದೆ. ಪಿಠಲೆ ಮಾಡುತ್ತಿದ್ದರು, ಕೂರಿಸಿ ನನಗೂ ಬಡಿಸಿದರು.”

ನಗು ನಿಂತಿತು. ಅಲ್ಲಿದ್ದವರಲ್ಲಿ ಅರ್ಧ ಮಂದಿ ಗಂಗೂಬಾಯಿಯ ಬಾಲವಾಡಿಯಲ್ಲಿ ಅಕ್ಷರ ಕಲಿತವರು.

“ನಾಮದೇವ. ಮೂರು ಸಲ ಮಾಡಿದರೂ ಫೋನ್ ಎತ್ತಲಿಲ್ಲ ಎಂದು ಬರೆದಿದೆ. ನಾಮದೇವ ಹುಟ್ಟು ಕಿವುಡ ಎಂಬುದು ತಾತ್ಯಾ, ನಿಮಗೆ ಗೊತ್ತಿಲ್ಲವೇ?”

ತಾತ್ಯಾ ಕನ್ನಡಕ ತೆಗೆದರು. ಒಬ್ಬ ಸದಸ್ಯೆ, “ನನ್ನ ವಾರ್ಡಿನದು ಇಲ್ಲಿ ಕೊಡಿ” ಎಂದು ಕೈಚಾಚಿದಳು. ಆಮೇಲೆ ಇನ್ನೊಬ್ಬರು. ವಾರದಿಂದ ತಮ್ಮ ಮನೆಯಲ್ಲೇ ಬಿದ್ದಿದ್ದ ಹೆಸರುಗಳನ್ನು ಅವರು ಓದಿದ್ದು ಆಗಲೇ. ಸಭಾಗೃಹದಲ್ಲಿ ಗದ್ದಲ ಎದ್ದಿತು.

ಶರ್ವರಿ ಮೇಡಂ ದನಿ ಏರಿಸಿದರು. “ಎಲ್ಲ ವಾರ್ಡಿನ ಪಟ್ಟಿ ಇವರಿಗೆ ಕೊಟ್ಟವರು ಯಾರು?”

“ನಾನು, ಮೇಡಂ” ಎಂದು ಎದ್ದೆ. ಹೇಳುವುದಾದರೆ ಪೂರ್ತಿ ಹೇಳಬೇಕು ಅನ್ನಿಸಿತು. “ಪರಿಶೀಲನೆಯೂ ಆಗಿಲ್ಲ. ಒಂದು ಮನೆಗೂ ಹೋಗದೆ, ಕುರ್ಚಿಯಲ್ಲಿ ಕೂತು ನಾನು ಬರೆದದ್ದು ಅದು.”

ಮೇಡಂ ನನ್ನತ್ತ ನೋಡಲಿಲ್ಲ. ಸದಸ್ಯರಿಗೆ ನಿಧಾನವಾಗಿ ಎಚ್ಚರಿಕೆ ಹೇಳಿದರು: ಪಟ್ಟಿ ತಿರಸ್ಕರಿಸಿ ಠರಾವು ಮಾಡಿದರೆ ಮೇಲಿನವರು ಆ ನಿರ್ಣಯವನ್ನೇ ಅಮಾನತಿನಲ್ಲಿಡಬಹುದು. ಸಹಿ ಹಾಕದ ಸದಸ್ಯರಿಗೆ ನೋಟೀಸು ಬರಬಹುದು, ಸದಸ್ಯತ್ವವೂ ಹೋಗಬಹುದು.

“ಹೋಗಲಿ” ಅಂದರು ಭುವನೇಶ್ವರಿಬಾಯಿ. “ಈ ಸದಸ್ಯತ್ವ ಬರುವುದಕ್ಕೆ ಮೊದಲೂ ನಾನು ಉಂಡೇ ಮಲಗುತ್ತಿದ್ದೆ. ನನ್ನ ಅಪ್ಪ ಕಾರ್ಡು ಇಲ್ಲದೆ ದವಾಖಾನೆಯ ಮೆಟ್ಟಿಲ ಮೇಲೆ ಸತ್ತ. ಆಗ ಯಾರ ಸಹಿಯೂ ಬೇಕಾಗಿರಲಿಲ್ಲ. ಈಗ ನನ್ನ ಸಹಿ ಬೇಕು ಅನ್ನುತ್ತೀರಿ. ಕೊಡುವುದಿಲ್ಲ.”

ತಾತ್ಯಾ ಯಾವತ್ತೂ ಮೇಲಿನವರ ಮಾತು ಮೀರಿದವರಲ್ಲ. ಆ ದಿನ ಪೆನ್ನು ಎತ್ತಿ ಹನ್ನೊಂದನೇ ವಿಷಯದ ಮುಂದೆ ದೊಡ್ಡದಾಗಿ ‘ನಾಮಂಜೂರ’ ಎಂದು ಬರೆದರು. ಒಂದು ಹೆಸರನ್ನೂ ತೆಗೆಯುವುದಿಲ್ಲ, ಯಾವ ಸದಸ್ಯರೂ ಸಹಿ ಹಾಕುವುದಿಲ್ಲ, ಅನುದಾನ ಮೊದಲಿನಷ್ಟೇ ಬರಬೇಕು ಎಂದು ಅಲ್ಲೇ ಹೊಸ ಠರಾವು ಬರೆಸಿದರು. ಹದಿನೇಳು ಕೈ ಎದ್ದವು. ಕರ್ನಾಟಕದ ಮಾತೆತ್ತಿದವನ ಕೈ ಕೊನೆಗೆ ಎದ್ದಿತು, ಆದರೂ ಎದ್ದಿತು.

ಮೇಡಂ ಹೇಳಿದ್ದೆಲ್ಲ ನಡೆಯಿತು. ಹದಿನೈದು ದಿನದಲ್ಲಿ ನಮ್ಮ ಠರಾವನ್ನು ಅಮಾನತಿನಲ್ಲಿಟ್ಟರು. ನನ್ನನ್ನು ಜನನ-ಮರಣ ನೋಂದಣಿಗೆ ಹಾಕಿ, ಮೇಲೊಂದು ಇಲಾಖಾ ವಿಚಾರಣೆ ಹೂಡಿದರು. ಎಲ್ಲರಿಗಿಂತ ಮೊದಲು ಎದ್ದವರೆಂದು ಭುವನೇಶ್ವರಿಬಾಯಿಗೆ ಸದಸ್ಯತ್ವ ರದ್ದು ಏಕೆ ಮಾಡಬಾರದೆಂಬ ನೋಟೀಸು ಬಂತು. ಆದರೆ ಠರಾವು ಅಮಾನತಾದರೂ ಸಹಿ ಮಾಡಿಸಿಕೊಳ್ಳುವ ದಾರಿ ಯಾರಿಗೂ ಹೊಳೆಯಲಿಲ್ಲ. ಸಹಿಯಿಲ್ಲದೆ ಪಟ್ಟಿ ಮುಂದೆ ಹೋಗುವಂತಿರಲಿಲ್ಲ. ಅವ್ವಣ್ಣನ ಡಯಾಲಿಸಿಸ್ ಒಂದು ವಾರವೂ ತಪ್ಪಲಿಲ್ಲ. ಪಕ್ಕದ ಎರಡು ಪರಿಷತ್ತುಗಳು ನಮ್ಮ ಠರಾವಿನ ಪ್ರತಿ ಕೇಳಿ ಪತ್ರ ಬರೆದವು, ದೀಪಾವಳಿಯ ಹೊತ್ತಿಗೆ ಅಂಥ ಪರಿಷತ್ತುಗಳು ಒಂಬತ್ತಾದವು. ಡಿಸೆಂಬರಿನಲ್ಲಿ ಎರಡೇ ಸಾಲಿನ ಆದೇಶ ಬಂತು: ಮುಂದಿನ ನಿರ್ಣಯದವರೆಗೆ ಹಳೆಯ ಪಟ್ಟಿಯೇ ಮುಂದುವರಿಯುವುದು. ಅನುದಾನದ ಬಗ್ಗೆ ಅದರಲ್ಲಿ ಚಕಾರವಿರಲಿಲ್ಲ. ಅದಕ್ಕೆ ಇನ್ನೂ ಬಡಿದಾಟ ನಡೆದಿದೆ.

ಭುವನೇಶ್ವರಿಬಾಯಿಯ ವಿಚಾರಣೆ ಮಾತ್ರ ಮುಗಿದಿಲ್ಲ. ಹೋದ ತಿಂಗಳು ವಿಚಾರಣೆ ನಡೆಸುವ ಅಧಿಕಾರಿ, “ಒಂದು ಕ್ಷಮಾಪಣೆ ಬರೆದುಕೊಡಿ, ಇವತ್ತೇ ಪ್ರಕರಣ ಮುಚ್ಚುತ್ತೇನೆ” ಎಂದರಂತೆ.

“ನೀವೇನಂದ್ರಿ?” ಎಂದು ಕೇಳಿದೆ.

“ಮುಂದಿನ ತಾರೀಖು ಕೊಡ್ರಿ ಅಂದೆ.”

ಆ ತಾರೀಖು ಬರುವ ಗುರುವಾರ. ನಾನೂ ಹೋಗುತ್ತೇನೆ, ರಜೆ ಹಾಕಿದ್ದೇನೆ.